ತಾನೇ ಮಾಡಲಿ, ನಾವು ಪಕ್ಕದಲ್ಲಿರೋಣ

(ತಾವರೆಕೆರೆಯಲ್ಲಿ ಸುತ್ತಲಿನ ಊರುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಉಪನ್ಯಾಸದ ಬರಹ ರೂಪ)



ನಾವು ಸೇರಿದಾಗಲೆಲ್ಲಾ ಉಳಿತಾಯ, ಸಾಲ, ಮರುಪಾವತಿ, ಹಸು, ಕುರಿ ಇವುಗಳ ಬಗ್ಗೆ ಮಾತಾಡ್ತೀವಿ. ಇವತ್ತು ಸಂಘದ ಯಾವ ಪುಸ್ತಕದಲ್ಲೂ ಹೆಸರು ಬರೆಯದ ಒಬ್ಬರ ಬಗ್ಗೆ ಮಾತಾಡೋಣ. ಅವರು ನಿಮ್ಮ ಮನೆಯಲ್ಲೇ ಇರಬಹುದು, ಪಕ್ಕದ ಮನೆಯಲ್ಲಿರಬಹುದು. ವಯಸ್ಸು ಇಪ್ಪತ್ತೈದೋ ಮೂವತ್ತೋ ಆಗಿರುತ್ತೆ. ಆದರೂ ತಾಯಿಯೇ ಸ್ನಾನ ಮಾಡಿಸ್ತಾಳೆ, ತಾಯಿಯೇ ಬಟ್ಟೆ ಹಾಕ್ತಾಳೆ, ತಾಯಿಯೇ ತಟ್ಟೆಗೆ ಕಲಸಿ ಕೊಡ್ತಾಳೆ. ನೆಂಟರು ಬಂದರೆ ಒಳಗೆ ಕೂರಿಸ್ತಾರೆ. ಮದುವೆ, ಜಾತ್ರೆಗೆ ಹೋಗುವಾಗ ಅವರನ್ನು ನೋಡಿಕೊಳ್ಳೋಕೆ ಅಂತ ಮನೆಯಲ್ಲಿ ಒಬ್ಬರು ಉಳೀತಾರೆ. ಆ ಉಳಿಯುವವರು ಯಾವಾಗಲೂ ಒಬ್ಬ ಹೆಂಗಸೇ.

ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯ ಊರುಗಳಲ್ಲಿ ಇಂತಹ ತಾಯಂದಿರ ಜೊತೆ ಕೂತು ಮಾತಾಡಿದಾಗಲೆಲ್ಲಾ ನಾವು ಕೇಳಿದ ಮಾತು ಒಂದೇ. "ಸಿಸ್ಟರ್, ನಾನಿರೋ ತನಕ ಸರಿ. ನಾನು ಹೋದ ಮ್ಯಾಲೆ ಇವನ ಗತಿ ಏನು?"

ಈ ಪ್ರಶ್ನೆಗೆ ಸಮಾಧಾನದ ಮಾತು ಹೇಳಿ ಎದ್ದು ಹೋಗೋದು ಸುಲಭ. ಅದರಿಂದ ಆ ತಾಯಿಗೆ ಏನೂ ಪ್ರಯೋಜನ ಇಲ್ಲ. ತಾಯಿ ಬದುಕಿರುವಾಗಲೇ ಆ ಮಗನಿಗೆ, ಆ ಮಗಳಿಗೆ ದಿನನಿತ್ಯದ ನಾಲ್ಕು ಕೆಲಸ ಕಲಿಸಬೇಕು. ಕಲಿಸೋದನ್ನ ತಾಯಿಯೊಬ್ಬಳ ತಲೆಗೆ ಕಟ್ಟದೆ ಸಂಘವೂ ಜೊತೆಗೆ ನಿಲ್ಲಬೇಕು. ಇವತ್ತು ನಾವು ಹೇಳೋಕೆ ಬಂದಿರುವುದು ಇಷ್ಟೇ.

ಇವರು ಯಾರು?

ಊರಲ್ಲಿ ಇವರನ್ನ ಪೆದ್ದ, ಮಂಕು, ಅರೆಬರೆ ಅಂತ ಕರೀತಾರೆ. ಸರ್ಕಾರದ ಕಾಗದದಲ್ಲಿ ಬಹಳ ವರ್ಷ 'ಬುದ್ಧಿಮಾಂದ್ಯರು' ಅಂತ ಇತ್ತು. 1995ರ ಅಂಗವಿಕಲರ ಕಾಯಿದೆಯಲ್ಲೂ ಅದೇ ಅರ್ಥದ ಪದವಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಬಂದ ಮೇಲೆ ಅದು ಹೋಗಿ 'ಬೌದ್ಧಿಕ ಅಂಗವೈಕಲ್ಯ' ಅಂತಾಯಿತು. ಹೆಸರು ಬದಲಾಗಿದ್ದು ಬರೀ ಮರ್ಯಾದೆಗಲ್ಲ. ಇವರಿಗೆ ಬುದ್ಧಿ ಇಲ್ಲ ಅಂತಲ್ಲ, ಕಲಿಯೋದು ನಿಧಾನ, ಕಲಿಯೋಕೆ ಹೆಚ್ಚು ಸಹಾಯ ಬೇಕು ಅಂತ ಅರ್ಥ.

2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಇಂತಹವರು 15 ಲಕ್ಷಕ್ಕೂ ಹೆಚ್ಚು ಅಂತ ಲೆಕ್ಕ ಸಿಕ್ಕಿತು. ಕರ್ನಾಟಕದಲ್ಲಿ ಎಲ್ಲಾ ಬಗೆಯ ಅಂಗವಿಕಲರು ಸೇರಿ 13 ಲಕ್ಷ 24 ಸಾವಿರ ಜನ. ಗಣತಿಯವರು ಬಂದಾಗ ಎಷ್ಟು ಮನೆಯವರು ಹೇಳದೆ ಮುಚ್ಚಿಟ್ಟರೋ, ಅದು ಈ ಲೆಕ್ಕದಲ್ಲಿ ಇಲ್ಲ.

ಮೂರು ವಿಷಯ ಸ್ಪಷ್ಟ ಮಾಡಿಕೊಳ್ಳೋಣ.

ಒಂದು, ಇದು ಹುಚ್ಚಲ್ಲ. ಮಾನಸಿಕ ಕಾಯಿಲೆ ಯಾರಿಗೆ ಬೇಕಾದರೂ ಯಾವ ವಯಸ್ಸಲ್ಲಿ ಬೇಕಾದರೂ ಬರಬಹುದು, ಅದಕ್ಕೆ ಔಷಧಿ ಇದೆ. ಬೌದ್ಧಿಕ ಅಂಗವೈಕಲ್ಯ ಹುಟ್ಟಿನಿಂದ ಅಥವಾ ಚಿಕ್ಕಂದಿನಿಂದ ಇರುವಂಥದ್ದು. ಅದನ್ನ ವಾಸಿ ಮಾಡುವ ಟಾನಿಕ್ಕು, ಮಾತ್ರೆ, ತಾಯಿತ ಯಾವುದೂ ಇಲ್ಲ. ಆದರೆ ಜೊತೆಯಲ್ಲಿ ಮೂರ್ಛೆ ರೋಗ ಇದ್ದರೆ ಅದಕ್ಕೆ ಮಾತ್ರೆ ಖಂಡಿತ ಬೇಕು. ಡಾಕ್ಟರು ಹೇಳದೆ ಅದನ್ನ ನಿಲ್ಲಿಸಬಾರದು.

ಎರಡು, ಮದುವೆ ಮಾಡಿದರೆ ಸರಿಹೋಗ್ತಾರೆ ಅನ್ನುವ ಮಾತು. ಮದುವೆ ಔಷಧಿಯಲ್ಲ. ವಿಷಯ ಮುಚ್ಚಿಟ್ಟು ಮದುವೆ ಮಾಡಿದರೆ ಎರಡು ಜೀವ ಕಷ್ಟಕ್ಕೆ ಬೀಳುತ್ತವೆ.

ಮೂರು, ಇದು ಯಾರ ಪಾಪದ ಫಲವೂ ಅಲ್ಲ. ಹೆರಿಗೆಯಲ್ಲಿ ಮಗುವಿಗೆ ಉಸಿರು ಸಿಗದೆ ಇದ್ದದ್ದು, ಮಿದುಳು ಜ್ವರ, ಹುಟ್ಟಿನಲ್ಲೇ ವಂಶವಾಹಿಯಲ್ಲಿ ಆದ ವ್ಯತ್ಯಾಸ, ಹೀಗೆ ಕಾರಣ ಹಲವು. ಎಷ್ಟೋ ಸಲ ಕಾರಣ ತಿಳಿಯೋದೇ ಇಲ್ಲ. ಸೊಸೆಯ ಮೇಲೆ ಗೂಬೆ ಕೂರಿಸೋದನ್ನ ನಾವು ಬಿಡಬೇಕು.

"ಈ ವಯಸ್ಸಲ್ಲಿ ಏನು ಕಲೀತಾನೆ?"

"ಚಿಕ್ಕವನಿದ್ದಾಗ ಕಲಿಸಿದ್ರೆ ಆಗ್ತಿತ್ತೇನೋ, ಈಗ ಮೂವತ್ತು ವರ್ಷ ಆಗೈತೆ" ಅಂತ ಬಹಳ ಜನ ಹೇಳ್ತಾರೆ. ನೀವೇ ಯೋಚಿಸಿ ನೋಡಿ. ನಿಮ್ಮಲ್ಲಿ ಎಷ್ಟೋ ಜನ ಸಹಿ ಹಾಕೋದನ್ನ ಕಲಿತದ್ದು ಸಂಘಕ್ಕೆ ಸೇರಿದ ಮೇಲೆ. ಬ್ಯಾಂಕಿನ ಚೀಟಿ ತುಂಬೋದು, ಮೊಬೈಲಿನಲ್ಲಿ ದುಡ್ಡು ಕಳಿಸೋದು ಕಲಿತದ್ದು ಮೊಮ್ಮಕ್ಕಳಾದ ಮೇಲೆ. ಬೇಕು ಅನ್ನಿಸಿತು, ಕಲಿಸೋಕೆ ಯಾರೋ ಸಿಕ್ಕರು, ದಿನಾ ಅಭ್ಯಾಸ ಆಯಿತು, ಕಲಿತಿರಿ. ಇವರೂ ಹಾಗೇ ಕಲೀತಾರೆ. ಸಮಯ ಮಾತ್ರ ಹೆಚ್ಚು ಬೇಕು.

ಅಮೇರಿಕಾದ ಇಲಿನಾಯ್‌ನಲ್ಲಿ ಮಾರ್ಕ್ ಗೋಲ್ಡ್ ಅನ್ನುವ ಒಬ್ಬರು ಅಧ್ಯಾಪಕರಿದ್ದರು. ಇಂತಹವರಿಂದ ಏನೂ ಆಗೋದಿಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದ ಕಾಲದಲ್ಲಿ, ಅಂದರೆ 1970ರ ಸುಮಾರಿಗೆ, ಅವರು ಒಂದು ಕೆಲಸ ಮಾಡಿದರು. ಸೈಕಲ್ಲಿನ ಬ್ರೇಕಿಗೆ 15 ಬಿಡಿಭಾಗಗಳು. ಅವನ್ನ ಸರಿಯಾದ ಕ್ರಮದಲ್ಲಿ ಜೋಡಿಸೋದು ನಮಗೂ ಕಷ್ಟ. ಆ ಕೆಲಸವನ್ನ ಅವರು ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗ ಹುಡುಗಿಯರಿಗೆ ಕಲಿಸಿದರು. ಹೆಚ್ಚುಕಡಿಮೆ ಎಲ್ಲರೂ ಕಲಿತರು. ಅವರ ಉಪಾಯ ಎರಡೇ. ಕೆಲಸವನ್ನ ಚಿಕ್ಕ ಚಿಕ್ಕ ತುಂಡು ಮಾಡಿದರು. ಬಿಡಿಭಾಗದ ಯಾವ ಮುಖ ಮೇಲೆ ಬರಬೇಕೋ ಆ ಮುಖಕ್ಕೆ ಬಣ್ಣದ ಗುರುತು ಹಾಕಿದರು. ಒಬ್ಬರು ಕಲಿಯಲಿಲ್ಲ ಅಂದರೆ ಅವರು ದಡ್ಡರು ಅಂತ ತೀರ್ಮಾನ ಮಾಡಬೇಡಿ, ಕಲಿಸುವ ದಾರಿ ಬದಲಾಯಿಸಿ ನೋಡಿ ಅನ್ನೋದು ಅವರ ವಾದವಾಗಿತ್ತು.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಸಿಕಂದರಾಬಾದಿನಲ್ಲಿ 1984ರಲ್ಲಿ ಇವರಿಗಾಗಿಯೇ ರಾಷ್ಟ್ರೀಯ ಸಂಸ್ಥೆ ಶುರುವಾಯಿತು. ಬೆಂಗಳೂರಿನ ಆಶಾ ನಿಕೇತನದಲ್ಲಿ 1970ರಿಂದ ಇಂತಹ ವಯಸ್ಕರು ಉಳಿದವರ ಜೊತೆ ಒಂದೇ ಮನೆಯವರಂತೆ ಬಾಳುತ್ತಾ ಬಂದಿದ್ದಾರೆ. ಹಳ್ಳಿಗಳಿಗೆ ಇಷ್ಟು ದೊಡ್ಡ ಸಂಸ್ಥೆ ಬರೋದಿಲ್ಲ ಅನ್ನೋದು ನಮಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಗೂ ಗೊತ್ತಿತ್ತು. ಅದಕ್ಕೇ 1989ರಲ್ಲಿ ಅದು ಹೊರತಂದ ತರಬೇತಿ ಪುಸ್ತಕದಲ್ಲಿ ಕಲಿಸುವವರು ಅಂತ ಹೇಳಿದ್ದು ಮನೆಯವರನ್ನೇ. ತಾಯಿ, ಅಕ್ಕ, ಅಣ್ಣ, ಪಕ್ಕದ ಮನೆಯವರು. ಇದಕ್ಕೆ ಕಟ್ಟಡ ಬೇಡ. ನಿಮ್ಮ ಬಚ್ಚಲು, ನಿಮ್ಮ ಒಲೆ, ನಿಮ್ಮ ಅಂಗಳವೇ ಸಾಕು.

ಕಲಿಸೋದು ಹೇಗೆ?

ಮೊದಲು ಒಂದೇ ಕೆಲಸ ಆರಿಸಿಕೊಳ್ಳಿ. ದಿನಾ ಆಗಬೇಕಾದ, ಅವರಿಗೂ ಇಷ್ಟವಾದ ಕೆಲಸ ಆಗಿರಲಿ. "ನಿನಗೆ ಯಾವುದು ಕಲೀಬೇಕು?" ಅಂತ ಅವರನ್ನೇ ಕೇಳಿ. ಮಾತು ಬಾರದವರಾದರೆ ಅವರು ಯಾವುದಕ್ಕೆ ಕೈ ಚಾಚ್ತಾರೆ ನೋಡಿ. ಟೀ ಇಷ್ಟ ಇರುವವರು ಟೀ ಮಾಡೋದನ್ನ ಬೇಗ ಕಲೀತಾರೆ.

ಆಮೇಲೆ ಆ ಕೆಲಸವನ್ನ ಮೆಟ್ಟಿಲು ಮೆಟ್ಟಿಲಾಗಿ ಒಡೆಯಿರಿ. ನಮಗೆ ಸ್ನಾನ ಅಂದರೆ ಒಂದೇ ಕೆಲಸ. ಅವರಿಗೆ ಅದು ಹತ್ತು ಕೆಲಸ:

1. ಟವೆಲು, ಒಗೆದ ಬಟ್ಟೆ ತೆಗೆದುಕೊಳ್ಳೋದು
2. ಬಚ್ಚಲ ಬಾಗಿಲು ಹಾಕೋದು
3. ನೀರನ್ನ ಬೆರಳಿನಿಂದ ಮುಟ್ಟಿ ಬಿಸಿ ನೋಡೋದು
4. ಬಟ್ಟೆ ಬಿಚ್ಚೋದು
5. ಚೊಂಬಿನಿಂದ ನೀರು ಹುಯ್ದುಕೊಳ್ಳೋದು
6. ಕೈಗೆ, ಕಂಕುಳಿಗೆ, ಎದೆಗೆ ಸೋಪು ಹಚ್ಚೋದು
7. ತೊಡೆ ಸಂದು, ಕಾಲು, ಪಾದಕ್ಕೆ ಹಚ್ಚೋದು
8. ನೊರೆ ಹೋಗುವ ತನಕ ನೀರು ಹುಯ್ದುಕೊಳ್ಳೋದು
9. ಮೈ ಒರೆಸಿಕೊಳ್ಳೋದು
10. ಒಗೆದ ಬಟ್ಟೆ ಹಾಕಿಕೊಂಡು ಬರೋದು

ನೀವೂ ಒಂದು ಸಲ ಆ ಕೆಲಸವನ್ನ ನಿಧಾನವಾಗಿ ಮಾಡಿ, ಮೆಟ್ಟಿಲು ಎಣಿಸಿ. ಆಗ ನಿಮಗೇ ತಿಳಿಯುತ್ತೆ, ಅವರು ಎಲ್ಲಿ ಮುಗ್ಗರಿಸ್ತಾರೆ ಅಂತ. ಹತ್ತರಲ್ಲಿ ಏಳು ಬರಬಹುದು, ಮೂರು ಬರದೇ ಇರಬಹುದು. ಆ ಮೂರನ್ನ ಕಲಿಸಿದರೆ ಸಾಕು. ಮೂರು ಬಾರದ್ದಕ್ಕೆ ಹತ್ತನ್ನೂ ನಾವೇ ಮಾಡಿಕೊಡ್ತಾ ಬಂದಿದ್ದರೆ ಆ ಏಳೂ ಮರೆತುಹೋಗುತ್ತೆ.

ಕೆಲವು ಕೆಲಸಕ್ಕೆ ಕೊನೆಯಿಂದ ಕಲಿಸೋದು ಒಳ್ಳೆಯದು. ಅಂಗಿ ಹಾಕೋದನ್ನ ನೋಡಿ. ಕೈ ತೂರಿಸೋದು, ಬೆನ್ನ ಮೇಲೆ ಎಳೆದುಕೊಳ್ಳೋದು, ಅಂಚು ಸಮ ಹಿಡಿಯೋದು, ಗುಂಡಿ ಹಾಕೋದು. ಮೊದಲ ವಾರ ಎಲ್ಲಾ ನೀವೇ ಮಾಡಿ, ಕೊನೆಯ ಗುಂಡಿ ಮಾತ್ರ ಅವರಿಗೆ ಬಿಡಿ. ಅದನ್ನ ಹಾಕಿದ ಕೂಡಲೇ ಕೆಲಸ ಮುಗೀತು, ಅಂಗಿ ಹಾಕಿಕೊಂಡದ್ದು ತಾನೇ ಅನ್ನುವ ಸಂತೋಷ ಅವರದ್ದಾಗುತ್ತೆ. ಅದು ಚೆನ್ನಾಗಿ ಬಂದ ಮೇಲೆ ಕೊನೆಯ ಎರಡು ಗುಂಡಿ ಬಿಡಿ. ಹೀಗೆ ಹಿಂದೆ ಹಿಂದೆ ಬನ್ನಿ. ಗುಂಡಿ ಚಿಕ್ಕದಾಗಿ ಬೆರಳಿಗೆ ಸಿಗದಿದ್ದರೆ ದೊಡ್ಡ ಗುಂಡಿ ಹೊಲಿಯಿರಿ. ಅದೂ ಆಗದಿದ್ದರೆ ತಲೆಯಿಂದ ತೂರಿಸುವ ಟೀ ಶರ್ಟು ಕೊಡಿ. ಅಂಗಿಯೇ ಆಗಬೇಕು ಅಂತ ಹಠ ಬೇಡ.

ಸಹಾಯವನ್ನೂ ಮೆಟ್ಟಿಲಾಗಿ ಇಳಿಸಬೇಕು. ಶುರುವಿನಲ್ಲಿ ಅವರ ಕೈ ಮೇಲೆ ನಿಮ್ಮ ಕೈ ಇಟ್ಟು ಮಾಡಿಸಿ. ಆಮೇಲೆ ಮೊಣಕೈ ಮುಟ್ಟಿದರೆ ಸಾಕು. ಆಮೇಲೆ ಬೆರಳು ತೋರಿಸಿ. ಆಮೇಲೆ ಬಾಯಿಮಾತು. ಕೊನೆಗೆ ಸುಮ್ಮನೆ ಪಕ್ಕದಲ್ಲಿ ನಿಲ್ಲಿ. ಈ ಕೊನೆಯ ಮೆಟ್ಟಿಲೇ ತಾಯಂದಿರಿಗೆ ಬಹಳ ಕಷ್ಟ. ಅವನು ಗುಂಡಿ ತಡಕಾಡೋದನ್ನ ನೋಡಿದರೆ ಕರುಳು ಚುರ್ ಅನ್ನುತ್ತೆ, ಕೈ ತಾನಾಗೇ ಮುಂದೆ ಹೋಗುತ್ತೆ. ಮನಸ್ಸಿನಲ್ಲೇ ಹತ್ತು ಎಣಿಸಿ. ಬಹಳ ಸಲ ಹತ್ತು ಎಣಿಸುವಷ್ಟರಲ್ಲಿ ಅವರು ಮಾಡಿರ್ತಾರೆ.

ಇನ್ನು ಕೆಲವು ಮಾತು ನೆನಪಿಡಿ:

- ಮನೆಯವರೆಲ್ಲಾ ಒಂದೇ ಮಾತು ಬಳಸಿ. ತಾಯಿ "ನೀರು ಹುಯ್ಕೋ", ಅಣ್ಣ "ತಲೆಗೆ ಹಾಕ್ಕೋ", ಅಜ್ಜಿ "ಮೀಯ್ಕೋ" ಅಂದರೆ ಅವರಿಗೆ ಅದು ಮೂರು ಬೇರೆ ಕೆಲಸ.
- ದಿನಾ ಅದೇ ಹೊತ್ತು, ಅದೇ ಜಾಗ. ವಾರಕ್ಕೊಮ್ಮೆ ಒಂದು ಗಂಟೆ ಕಲಿಸೋದಕ್ಕಿಂತ ದಿನಾ ಹತ್ತು ನಿಮಿಷ ಮೇಲು.
- ಗುರುತು ಹಾಕಿ. ಬಲಗಾಲಿನ ಚಪ್ಪಲಿಗೆ ಕೆಂಪು ದಾರ, ಅಂಗಿಯ ಒಳಗಡೆ ಹಿಂಭಾಗಕ್ಕೆ ಒಂದು ಹೊಲಿಗೆ, ಟೀಗೆ ಎಷ್ಟು ನೀರು ಅಂತ ಪಾತ್ರೆಯ ಮೇಲೆ ಒಂದು ಗೆರೆ. ಸೈಕಲ್ ಬ್ರೇಕಿನ ಬಣ್ಣದ ಗುರುತೂ ಇದೇ ಉಪಾಯ.
- ನಿಜವಾದ ವಸ್ತುವಿನಿಂದ ಕಲಿಸಿ. ಪ್ಲಾಸ್ಟಿಕ್ ಹಣ್ಣು ತೋರಿಸಿ ಹೇಳಿಕೊಟ್ಟರೆ ಸಂತೆಯಲ್ಲಿ ಹಣ್ಣು ಗೊತ್ತಾಗೋದಿಲ್ಲ.
- ಮೆಚ್ಚುಗೆಯನ್ನ ಆಗಲೇ ಹೇಳಿ. "ಗುಂಡಿ ನೀನೇ ಹಾಕ್ಕೊಂಡೆ, ಚೆನ್ನಾಗಿದೆ" ಅನ್ನಿ. ವಯಸ್ಸಾದವರಿಗೆ ಮಗುವಿನ ಹಾಗೆ ಮುದ್ದು ಮಾತು ಬೇಡ.
- ಸಂಘದ ಪುಸ್ತಕದ ಹಾಗೆ ಇದಕ್ಕೂ ಒಂದು ಪುಸ್ತಕ ಇಡಿ. ತಾನೇ ಮಾಡಿದರೆ ಸರಿ ಗುರುತು, ಸಹಾಯ ಬೇಕಾದರೆ ಚುಕ್ಕೆ. ತಿಂಗಳಾದ ಮೇಲೆ ನೋಡಿದರೆ ಎಷ್ಟು ಕಲಿತರು ಅಂತ ಕಣ್ಣಿಗೆ ಕಾಣುತ್ತೆ. ಕಾಣದಿದ್ದರೆ ಮೆಟ್ಟಿಲು ದೊಡ್ಡದಾಗಿದೆ ಅಂತ ಅರ್ಥ, ಅದನ್ನ ಇನ್ನೂ ಎರಡು ಮಾಡಿ.

ಹೊಡೆಯೋದು, ಕಟ್ಟಿಹಾಕೋದು, ಊಟ ಕೊಡದೆ ಹೆದರಿಸೋದು ಕಲಿಕೆಯಲ್ಲ. ಹೆದರಿಕೆಯಿಂದ ಕಲಿತದ್ದು ಹೆದರಿಸುವವರು ಇರುವ ತನಕ ಮಾತ್ರ.

ದುಡ್ಡು, ಅಂಗಡಿ, ಬಸ್ಸು

ಲೆಕ್ಕ ಬಾರದವರೂ ದುಡ್ಡು ಬಳಸೋದನ್ನ ಕಲಿಯಬಹುದು. ನೋಟಿನ ಬಣ್ಣದಿಂದ ಶುರು ಮಾಡಿ. ಹೊಸ ನೋಟುಗಳಲ್ಲಿ ಹತ್ತರದ್ದು ಕಂದು, ಇಪ್ಪತ್ತರದ್ದು ಹಸಿರು ಮಿಶ್ರಿತ ಹಳದಿ, ಐವತ್ತರದ್ದು ನೀಲಿ, ನೂರರದ್ದು ತಿಳಿ ನೇರಳೆ, ಇನ್ನೂರರದ್ದು ಗಾಢ ಹಳದಿ, ಐನೂರರದ್ದು ಬೂದು. ಹಳೆಯ ಹತ್ತು, ಇಪ್ಪತ್ತು, ನೂರರ ನೋಟುಗಳೂ ಓಡಾಡುತ್ತಿವೆ, ಆದ್ದರಿಂದ ಒಂದು ಸಲಕ್ಕೆ ಒಂದು ನೋಟು ಮಾತ್ರ ಕಲಿಸಿ.

ಇದಕ್ಕೊಂದು ದಾರಿ ಇದೆ. ಒಂದು ಚೀಟಿಯ ಮೇಲೆ ಹಾಲಿನ ಪ್ಯಾಕೆಟ್ಟಿನ ಚಿತ್ರ ಅಂಟಿಸಿ, ಅದರ ಜೊತೆ ಬೇಕಾದಷ್ಟೇ ದುಡ್ಡನ್ನ ಒಂದು ಚಿಕ್ಕ ಚೀಲದಲ್ಲಿ ಹಾಕಿ ಕೊಡಿ. ಅಂಗಡಿಯವರಿಗೆ ಮುಂಚೆಯೇ ಹೇಳಿಡಿ. ಮೊದಲ ಕೆಲವು ದಿನ ಜೊತೆಗೆ ಹೋಗಿ. ಆಮೇಲೆ ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಆಮೇಲೆ ಬಾಗಿಲಲ್ಲಿ ನಿಂತು ನೋಡಿ. ಊರಿನ ಅಂಗಡಿಯವರು, ಹಾಲಿನ ಡೈರಿಯವರು, ಕಂಡಕ್ಟರು ಎಲ್ಲರೂ ಇಲ್ಲಿ ಮೇಷ್ಟ್ರುಗಳೇ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಸುಲಭ, ಯಾಕಂದರೆ ಇಲ್ಲಿ ಎಲ್ಲರಿಗೂ ಎಲ್ಲರ ಗುರುತಿದೆ.

ಬಸ್ಸೂ ಹಾಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನೀವೆಲ್ಲಾ ಧೈರ್ಯವಾಗಿ ಓಡಾಡ್ತಾ ಇದ್ದೀರಿ. ಸಂತೆಗೆ ಹೋಗುವಾಗ ಮನೆಯಲ್ಲಿರುವ ಆ ಮಗಳನ್ನೂ ಕರ್ಕೊಂಡು ಹೋಗಿ. ಹತ್ತೋದು, ಕೂರೋದು, ಚೀಟಿ ಇಟ್ಟುಕೊಳ್ಳೋದು, ನಮ್ಮ ಊರು ಬಂದಾಗ ಗುರುತಿಸಿ ಇಳಿಯೋದು, ಇವೆಲ್ಲಾ ಹೋಗಿ ಬಂದರೇ ಬರೋದು.

ಜೋಪಾನದ ವಿಷಯ

ನಮ್ಮ ತಾವರೆಕೆರೆ ಹತ್ತಿರವೇ ಹೆದ್ದಾರಿ. ಮನೆಯಲ್ಲಿ ಗ್ಯಾಸಿನ ಒಲೆ. ತೋಟದಲ್ಲಿ ಕೃಷಿ ಹೊಂಡ, ಮೋಟಾರಿನ ಸ್ವಿಚ್ಚು. ಅಪಾಯ ಇದೆ ಅಂತ ಒಳಗೆ ಕೂಡಿಹಾಕಿದರೆ ಅಪಾಯ ಹೋಗೋದಿಲ್ಲ. ಒಂದು ದಿನ ಬಾಗಿಲು ತೆರೆದಿದ್ದರೆ ಏನೂ ಗೊತ್ತಿಲ್ಲದವರು ಹೊರಗೆ ಹೋಗ್ತಾರೆ. ಆದ್ದರಿಂದ ರಸ್ತೆ ಅಂಚಲ್ಲಿ ನಿಲ್ಲೋದು, ಕೈ ಹಿಡಿದು ದಾಟೋದು, ರೆಗ್ಯುಲೇಟರ್ ಮುಚ್ಚೋದು, ಹೊಂಡದ ಹತ್ತಿರ ಒಬ್ಬರೇ ಹೋಗದೇ ಇರೋದು, ಇವನ್ನೂ ಮೆಟ್ಟಿಲಾಗಿ ಕಲಿಸಬೇಕು. ಮೂರ್ಛೆ ಬರುವವರನ್ನ ಒಲೆ, ನೀರಿನ ಹತ್ತಿರ ಒಬ್ಬರನ್ನೇ ಬಿಡಬೇಡಿ. ಜೇಬಿನಲ್ಲಿ ಹೆಸರು, ಊರು, ಮನೆಯ ಫೋನ್ ನಂಬರ್ ಬರೆದ ಚೀಟಿ ಇರಲಿ.

ಇನ್ನೊಂದು ವಿಷಯ ಹೇಳೋಕೆ ನಾಚಿಕೆ ಪಡಬಾರದು. ಮುಟ್ಟು. ಎಷ್ಟೋ ಮನೆಗಳಲ್ಲಿ ಆ ಹೆಣ್ಣುಮಗಳಿಗೆ ಪ್ರತಿ ತಿಂಗಳೂ ಏನಾಗ್ತಿದೆ ಅಂತ ಯಾರೂ ಹೇಳಿಲ್ಲ. ಪ್ಯಾಡ್ ಇಟ್ಟುಕೊಳ್ಳೋದು, ಬದಲಾಯಿಸೋದು, ಕಾಗದದಲ್ಲಿ ಸುತ್ತಿ ಹಾಕೋದು, ಕೈ ತೊಳೆಯೋದು, ಇದೂ ಮೆಟ್ಟಿಲಾಗಿ ಕಲಿಸುವಂಥದ್ದೇ. ಮುಟ್ಟು ಬರುವ ಮುಂಚೆಯೇ ಒಳ ಉಡುಪಿನಲ್ಲಿ ಪ್ಯಾಡ್ ಇಟ್ಟು ಅಭ್ಯಾಸ ಮಾಡಿಸಿ. ತೊಂದರೆ ತಪ್ಪಲಿ ಅಂತ ಗರ್ಭಕೋಶ ತೆಗೆಸೋಣ ಅನ್ನುವ ಮಾತು ಕೆಲವರ ಬಾಯಲ್ಲಿ ಬರುತ್ತೆ. ಹಾಗೆ ಮಾಡಿದರೆ ಮುಟ್ಟು ನಿಲ್ಲುತ್ತೆ, ಆದರೆ ಕೆಟ್ಟವರ ಕೈ ನಿಲ್ಲೋದಿಲ್ಲ.

ಆ ಕೈಯನ್ನ ತಡೆಯೋಕೆ ಕಲಿಸಬೇಕಾದದ್ದು ಬೇರೆ. ಒಳ ಉಡುಪು ಮುಚ್ಚುವ ಜಾಗವನ್ನ ಯಾರೂ ಮುಟ್ಟಬಾರದು. ಮುಟ್ಟಿದರೆ 'ಬೇಡ' ಅಂತ ಕೂಗಬೇಕು, ಅಲ್ಲಿಂದ ಬರಬೇಕು, ಅಮ್ಮನಿಗೋ ಅಕ್ಕನಿಗೋ ಹೇಳಬೇಕು. ಹುಡುಗರಿಗೂ ಇದನ್ನೇ ಕಲಿಸಿ, ಅವರಿಗೂ ಇಂಥ ತೊಂದರೆ ಆಗುತ್ತೆ. ತನ್ನ ಸ್ನಾನ ತಾನೇ ಮಾಡಿಕೊಳ್ಳುವವರಿಗೆ "ಇದು ನನ್ನ ಮೈ" ಅನ್ನೋದು ಗೊತ್ತಿರುತ್ತೆ. ಯಾರು ಬೇಕಾದರೂ ಬಿಚ್ಚಿಸಿ ತೊಳೆಸುವವರಿಗೆ ಅದು ಹೇಗೆ ಗೊತ್ತಾಗಬೇಕು? ಸ್ನಾನದ ಪಾಠ ಬರೀ ಶುಚಿಯ ಪಾಠ ಅಲ್ಲ ಅನ್ನೋದು ಇದಕ್ಕೇ.

ಯಾರಾದರೂ ದೌರ್ಜನ್ಯ ಮಾಡಿದರೆ ಮುಚ್ಚಿಡಬೇಡಿ. 112ಕ್ಕೆ ಫೋನ್ ಮಾಡಿ. 2016ರ ಕಾಯಿದೆಯ 92ನೇ ಕಲಂ ಪ್ರಕಾರ ಅಂಗವಿಕಲರನ್ನ ನಾಲ್ಕು ಜನರ ಮುಂದೆ ಬೇಕಂತಲೇ ಅವಮಾನ ಮಾಡೋದು, ಹಲ್ಲೆ ಮಾಡೋದು, ಲೈಂಗಿಕವಾಗಿ ಶೋಷಿಸೋದು ಅಪರಾಧ. 6 ತಿಂಗಳಿಗೆ ಕಡಿಮೆ ಇಲ್ಲದಂತೆ 5 ವರ್ಷದವರೆಗೆ ಶಿಕ್ಷೆ ಇದೆ.

ಕೆಲಸ ಮತ್ತು ಕೂಲಿ

ನಮ್ಮ ಕಡೆ ಹುಣಸೆಹಣ್ಣಿನ ಕಾಲ ಬಂದರೆ ಮನೆ ಮನೆಯಲ್ಲೂ ಹೆಂಗಸರು ಕೂತು ಕುಟ್ಟೋದನ್ನ ನೋಡ್ತೀವಿ. ಸಿಪ್ಪೆ ಬಿಡಿಸೋದು, ನಾರು ಎಳೆಯೋದು, ಬೀಜ ತೆಗೆಯೋದು, ತುಂಬೋದು. ಕಡಲೆಕಾಯಿ ಕಾಲದಲ್ಲಿ ಗಿಡದಿಂದ ಕಾಯಿ ಬಿಡಿಸೋದು, ಸುಲಿಯೋದು, ಆರಿಸೋದು. ಇಂತಹ ಕೆಲಸಗಳನ್ನ ಅವರು ಒಂದೊಂದೇ ಮೆಟ್ಟಿಲಾಗಿ ಕಲಿತು ಚೆನ್ನಾಗಿ ಮಾಡ್ತಾರೆ. ಎಲ್ಲಾ ಮೆಟ್ಟಿಲು ಬರಲೇಬೇಕು ಅಂತಿಲ್ಲ. ಸಿಪ್ಪೆ ಬಿಡಿಸೋದಷ್ಟೇ ಬಂದರೆ ಅದೇ ಅವರ ಪಾಲಿನ ಕೆಲಸ.

ಆದರೆ ಕೂಲಿ ಕೊಡಬೇಕು. "ಅವನಿಗೇನು ದುಡ್ಡು, ಊಟ ಹಾಕಿದ್ರೆ ಸಾಕು" ಅಂತ ಹೇಳಿ ದಿನವೆಲ್ಲಾ ಕುರಿ ಕಾಯಿಸುವವರು, ಸಗಣಿ ಬಾಚಿಸುವವರು ಇದ್ದಾರೆ. ಕೆಲಸ ಕಲಿಸಿ ಬಿಟ್ಟಿ ದುಡಿಸಿಕೊಂಡರೆ ಅದು ಜೀತ. ಮಾಡಿದಷ್ಟಕ್ಕೆ ಲೆಕ್ಕ ಹಾಕಿ ಅವರ ಕೈಗೇ ಕೊಡಿ. ಅದರಲ್ಲಿ ಹತ್ತು ರೂಪಾಯಿಗೆ ಅವರಿಗೆ ಬೇಕಾದದ್ದನ್ನ ಅವರೇ ಕೊಳ್ಳಲಿ. ಉಳಿದದ್ದು ಅವರ ಹೆಸರಿನ ಖಾತೆಗೆ ಹೋಗಲಿ.

ಸರ್ಕಾರದಿಂದ ಪಡೆಯಬೇಕಾದದ್ದು

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಮೊದಲು ಅವರನ್ನ ಕಾಣಿ. ಯು.ಡಿ.ಐ.ಡಿ. ಕಾರ್ಡು ಮಾಡಿಸಿ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೆ ಮಾಸಾಶನ ಮುಂತಾದ ಸೌಲಭ್ಯಗಳಿಗೆ ಈ ಕಾರ್ಡು ಬೇಕು. ತಪಾಸಣೆಯಲ್ಲಿ ಅವರು ತಾನೇ ಊಟ ಮಾಡ್ತಾರಾ, ಬಟ್ಟೆ ಹಾಕ್ತಾರಾ, ಒಬ್ಬರೇ ಓಡಾಡ್ತಾರಾ ಅಂತ ಕೇಳ್ತಾರೆ. ನೀವು ಇಟ್ಟ ಆ ಪುಸ್ತಕ ಅಲ್ಲಿ ಉಪಯೋಗಕ್ಕೆ ಬರುತ್ತೆ.

1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯಿದೆ ಬಂತು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಮಿದುಳಿನ ಪಾರ್ಶ್ವವಾಯು, ಬಹುವಿಧ ಅಂಗವೈಕಲ್ಯ, ಈ ನಾಲ್ಕು ಬಗೆಯವರಿಗೆ ಇದು ಅನ್ವಯ. ಇದರ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ.

ತಾಯಂದಿರ ಆ ಪ್ರಶ್ನೆಗೂ ಈ ಕಾಯಿದೆಯಲ್ಲಿ ಸ್ವಲ್ಪ ಉತ್ತರ ಇದೆ. 18 ವರ್ಷ ತುಂಬಿದ ಮೇಲೆ ಕಾನೂನಿನ ಪ್ರಕಾರ ಅವರು ವಯಸ್ಕರು. ಪಾಲಕರ ಅಗತ್ಯ ಇದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಸಮಿತಿ ವಿಚಾರಿಸಿ ಪಾಲಕರನ್ನ ನೇಮಿಸುತ್ತೆ. ಪಾಲಕರು 6 ತಿಂಗಳೊಳಗೆ ಅವರ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. "ಅವನ ಪಾಲು ನಮಗೆ ಬರ್ಕೊಡು" ಅನ್ನುವ ದಾಯಾದಿಗಳಿಗೆ ಇದೊಂದು ಕಡಿವಾಣ. ತಾಯಿ ಗಟ್ಟಿಮುಟ್ಟಾಗಿ ಇರುವಾಗಲೇ ಈ ಕೆಲಸ ಆಗಬೇಕು. ಆಮೇಲೂ ಊಟ, ಬಟ್ಟೆ, ಕೆಲಸದ ವಿಷಯದಲ್ಲಿ ಅವರ ಇಷ್ಟ ಏನು ಅಂತ ಕೇಳೋದನ್ನ ಬಿಡಬಾರದು. ಪಾಲಕರು ಬಂದರು ಅಂತ ಅವರ ಇಷ್ಟಾನಿಷ್ಟ ಇಲ್ಲವಾಗೋದಿಲ್ಲ.

ಸಂಘ ಏನು ಮಾಡಬಹುದು?

ಒಬ್ಬ ತಾಯಿ ಬೆಳಿಗ್ಗೆ ಎದ್ದು ಅಡುಗೆ ಮಾಡಬೇಕು, ಹಾಲು ಕರೆಯಬೇಕು, ಕೂಲಿಗೆ ಹೋಗಬೇಕು. ಅವಳಿಗೆ ಮಗ ಗುಂಡಿ ಹಾಕಿಕೊಳ್ಳುವ ತನಕ ಕಾಯೋಕೆ ಎಲ್ಲಿದೆ ಹೊತ್ತು? ತಾನೇ ಹಾಕಿಬಿಟ್ಟರೆ ಒಂದು ನಿಮಿಷ, ಅವನು ಹಾಕಿಕೊಂಡರೆ ಹದಿನೈದು ನಿಮಿಷ. ಎಷ್ಟೋ ಮನೆಗಳಲ್ಲಿ ಕಲಿಕೆ ನಿಂತಿರುವುದು ಪ್ರೀತಿ ಕಡಿಮೆಯಾಗಿ ಅಲ್ಲ, ಈ ಹದಿನಾಲ್ಕು ನಿಮಿಷ ಇಲ್ಲದೆ. ಆ ಹದಿನಾಲ್ಕು ನಿಮಿಷವನ್ನ ಸಂಘ ಕೊಡಬಲ್ಲದು.

ಸಂಘದಲ್ಲಿ ಹತ್ತು ಹದಿನೈದು ಜನ ಇದ್ದೀರಿ. ದಿನಕ್ಕೊಬ್ಬರು ಆ ಮನೆಗೆ ಹೋಗಿ ಅರ್ಧ ಗಂಟೆ ಕೂತರೆ ತಿಂಗಳಿಗೆ ಒಬ್ಬೊಬ್ಬರ ಸರದಿ ಎರಡು ಮೂರು ಸಲ ಮಾತ್ರ. ಇದರಿಂದ ಇನ್ನೊಂದು ಲಾಭವೂ ಇದೆ. ತಾಯಿಯ ಕೈ ಒಂದನ್ನೇ ನಂಬಿದವರು ತಾಯಿ ಹೋದ ದಿನ ಎಲ್ಲವನ್ನೂ ಕಳೆದುಕೊಳ್ತಾರೆ. ಹತ್ತು ಜನರ ಮುಖ, ದನಿ ಪರಿಚಯ ಇರುವವರಿಗೆ ಊರಲ್ಲಿ ಹತ್ತು ಮನೆ ಇರುತ್ತೆ.

ಹಾಗೆಯೇ ಇವನ್ನೂ ಮಾಡಿ. ಸಂಘದ ಸಭೆಗೆ ಆ ಮಗಳನ್ನೂ ಕರೆತನ್ನಿ. ಚಾಪೆ ಹಾಸೋದು, ನೀರು ಕೊಡೋದು ಅವಳ ಕೆಲಸ ಆಗಲಿ, ಅವಳ ಹೆಸರು ಹಿಡಿದು ಕರೆಯಿರಿ. ಗ್ರಾಮಸಭೆಯಲ್ಲಿ ಪಂಚಾಯಿತಿ ಅನುದಾನದಲ್ಲಿ ಅಂಗವಿಕಲರಿಗೆ ಮೀಸಲಿಡಬೇಕಾದ ಶೇಕಡಾ 5ರಷ್ಟು ಹಣ ಯಾವುದಕ್ಕೆ ಖರ್ಚಾಯಿತು ಅಂತ ಎದ್ದು ನಿಂತು ಕೇಳಿ. ಅಂಗವಿಕಲರು ಅಥವಾ ಅವರ ಪಾಲಕರು ಸೇರಿ ತಮ್ಮದೇ ಸಂಘ ಮಾಡಿಕೊಳ್ಳೋಕೂ ಅವಕಾಶ ಇದೆ. ಸಂಜೀವಿನಿ ನಡೆಯುವ ರಾಷ್ಟ್ರೀಯ ಜೀವನೋಪಾಯ ಅಭಿಯಾನದ ನಿಯಮದ ಪ್ರಕಾರ ಅಂತಹ ಸಂಘಕ್ಕೆ 5 ಜನ ಇದ್ದರೂ ಸಾಕು, ಗಂಡಸರೂ ಸೇರಬಹುದು.

ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳ್ತೀವಿ. ಎಲ್ಲರೂ ಎಲ್ಲವನ್ನೂ ಕಲಿಯೋದಿಲ್ಲ. ಕೆಲವರಿಗೆ ಜೀವನ ಪೂರ್ತಿ ಒಬ್ಬರ ಸಹಾಯ ಬೇಕೇ ಬೇಕು. ಕೆಲವರು ಒಂದು ವರ್ಷದಲ್ಲಿ ಚಮಚ ಹಿಡಿಯೋದನ್ನ ಮಾತ್ರ ಕಲೀತಾರೆ. ಅದು ಸೋಲಲ್ಲ. ತಾನೇ ಉಣ್ಣುವ ಒಬ್ಬರನ್ನ ನೋಡಿಕೊಳ್ಳೋಕೆ ಅತ್ತಿಗೆ, ನಾದಿನಿ, ನೆರೆಯವರು ಮುಂದೆ ಬರ್ತಾರೆ. ಎಲ್ಲವನ್ನೂ ಮಾಡಿಸಬೇಕಾದವರಿಗೆ ಮುಂದೆ ಬರುವವರು ಕಡಿಮೆ. ಕಲಿತ ಒಂದೊಂದು ಕೆಲಸವೂ ಅವರಿಗೆ ಮುಂದೆ ಇನ್ನೊಂದು ಬಾಗಿಲು ತೆರೆದಿಡುತ್ತೆ.

ಇವತ್ತು ಇಲ್ಲಿಂದ ಎದ್ದು ಹೋಗುವ ಮುಂಚೆ ಪ್ರತಿ ಸಂಘದವರೂ ಒಂದು ಹೆಸರು ಬರೆದುಕೊಳ್ಳಿ. ನಿಮ್ಮ ಊರಲ್ಲಿ ಅಂತಹ ಒಬ್ಬರು ಯಾರಿದ್ದಾರೆ? ಅವರ ಮನೆಗೆ ಈ ವಾರ ಯಾರು ಹೋಗ್ತೀರಿ? ಮೊದಲು ಯಾವ ಒಂದು ಕೆಲಸ ಕಲಿಸ್ತೀರಿ? ಈ ಮೂರನ್ನ ನಿಮ್ಮ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ತಿಂಗಳು ನಾವು ಬಂದಾಗ ಉಳಿತಾಯದ ಲೆಕ್ಕದ ಜೊತೆ ಆ ಲೆಕ್ಕವನ್ನೂ ಕೇಳ್ತೀವಿ.